ಜಾಲದ ನಕ್ಷೆಯೊಂದೇ ಸಾಲದು, ಅದರಲ್ಲಿ ಏನು ಹರಿಯುತ್ತದೆ ಎಂದೂ ಕೇಳಬೇಕು

2024ರ ಜುಲೈ 19ರಂದು ಜಗತ್ತಿನ ನಾನಾ ಕಡೆ ವಿಮಾನಗಳು ಮೇಲೇಳಲಿಲ್ಲ. ಕೆಲವು ಆಸ್ಪತ್ರೆಗಳು ಶಸ್ತ್ರಚಿಕಿತ್ಸೆಗಳನ್ನು ಮುಂದೂಡಿದವು. ಬ್ಯಾಂಕುಗಳಲ್ಲಿ, ಟಿವಿ ವಾಹಿನಿಗಳಲ್ಲಿ ಕೆಲಸ ನಿಂತಿತು. ಯಾರೂ ದಾಳಿ ಮಾಡಿರಲಿಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಸೈಬರ್ ಭದ್ರತಾ ಕಂಪನಿ ತನ್ನ ಗ್ರಾಹಕರ ಕಂಪ್ಯೂಟರ್‌ಗಳಿಗೆ ಕಳಿಸಿದ ಒಂದು ಅಪ್‌ಡೇಟ್‌ನಲ್ಲಿ ದೋಷವಿತ್ತು, ಅಷ್ಟೇ. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಕೈಕೊಟ್ಟವು. ಕೇಳಲು ದೊಡ್ಡ ಸಂಖ್ಯೆ. ಆದರೆ ಅದು ಒಟ್ಟು ವಿಂಡೋಸ್ ಯಂತ್ರಗಳಲ್ಲಿ ಶೇ 1ಕ್ಕಿಂತಲೂ ಕಡಿಮೆ.

ನೂರರಲ್ಲಿ ಒಂದು ಯಂತ್ರವೂ ಕೆಡದೆ ಇಷ್ಟೆಲ್ಲ ಹೇಗೆ ನಿಂತಿತು? ಕೆಟ್ಟ ಯಂತ್ರಗಳನ್ನು ಎಣಿಸುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ಅವು ಎಲ್ಲಿದ್ದವು, ಅವುಗಳನ್ನು ಯಾರು ಯಾರು ನೆಚ್ಚಿಕೊಂಡಿದ್ದರು ಎಂದು ಕೇಳಬೇಕು. ಇಂಥ ಪ್ರಶ್ನೆಗಳಿಗೆಂದೇ ಬೆಳೆದಿರುವುದು ನೆಟ್‌ವರ್ಕ್ ಸೈನ್ಸ್ ಅಥವಾ ಜಾಲ ವಿಜ್ಞಾನ. ಗೆಳೆತನ, ಸಾಲ, ವಿದ್ಯುತ್, ಸೋಂಕು, ಸಾಫ್ಟ್‌ವೇರ್ ಯಾವುದೇ ಇರಲಿ, ಅದನ್ನು ಒಂದಷ್ಟು ನೋಡ್‌ಗಳು (ಬಿಂದುಗಳು) ಮತ್ತು ಅವುಗಳ ನಡುವಿನ ಕೊಂಡಿಗಳಾಗಿ ಬಿಡಿಸಿ ನೋಡುವುದು ಇದರ ಕ್ರಮ. ಕಳೆದ 25 ವರ್ಷಗಳಲ್ಲಿ ಈ ನೋಟ ನಮಗೆ ಕಲಿಸಿದ್ದು ಬಹಳ. ಆದರೆ ಕೊಂಡಿಗಳ ಆಕಾರದಲ್ಲೇ ಮೈಮರೆತು, ಅವುಗಳಲ್ಲಿ ಹರಿಯುವುದೇನು ಎಂದು ಕೇಳದೆ ಹೋದಾಗಲೆಲ್ಲ ಈ ವಿಜ್ಞಾನ ಎಡವಿದೆ. ಇಡೀ ಲೇಖನದಲ್ಲಿ ನಾನು ಹೇಳಹೊರಟಿರುವುದು ಇದನ್ನೇ.

ಆಕಾರ ನೋಡುವ ಅಭ್ಯಾಸ ಹಳೆಯದು. ಯುರೋಪಿನ ಕೋನಿಗ್ಸ್‌ಬರ್ಗ್ ನಗರದಲ್ಲಿ 7 ಸೇತುವೆಗಳಿದ್ದವು. ಪ್ರತಿ ಸೇತುವೆಯನ್ನೂ ಒಂದೇ ಒಂದು ಸಲ ದಾಟಿ ಊರು ಸುತ್ತಬಹುದೇ ಎಂಬುದು ಅಲ್ಲಿನವರ ಒಗಟು. 1736ರಲ್ಲಿ ಗಣಿತಜ್ಞ ಲಿಯೊನಾರ್ಡ್ ಆಯ್ಲರ್ ಆಗದು ಎಂದು ಸಾಧಿಸಿ ತೋರಿಸಿದರು. ಸೇತುವೆಯ ಉದ್ದ, ನದಿಯ ಅಗಲ, ಬೀದಿಗಳ ತಿರುವು ಎಲ್ಲವನ್ನೂ ಅವರು ಪಕ್ಕಕ್ಕಿಟ್ಟರು. ಯಾವ ನೆಲದ ತುಂಡಿಗೆ ಎಷ್ಟು ಸೇತುವೆ ಎಂಬುದನ್ನಷ್ಟೇ ಉಳಿಸಿಕೊಂಡರು. ನಡುವೆ ಬರುವ ಜಾಗಕ್ಕೆ ಒಂದು ಸೇತುವೆಯಿಂದ ಬಂದರೆ ಇನ್ನೊಂದರಿಂದ ಹೋಗಬೇಕು, ಅಂದರೆ ಅಲ್ಲಿ ಸೇತುವೆಗಳ ಸಂಖ್ಯೆ ಸಮ ಇರಬೇಕು. ಆ ನಗರದ ನಾಲ್ಕೂ ತುಂಡುಗಳಲ್ಲಿ ಅದು ಬೆಸವಾಗಿತ್ತು. ಅಲ್ಲಿಗೆ ಲೆಕ್ಕ ಮುಗಿಯಿತು.

ಸಮಾಜದ ವಿಷಯಕ್ಕೆ ಬಂದಾಗ ಎಲ್ಲರೂ ನೆನೆಯುವುದು ಮನೋವಿಜ್ಞಾನಿ ಸ್ಟ್ಯಾನ್ಲಿ ಮಿಲ್‌ಗ್ರಾಮ್ 1960ರ ದಶಕದಲ್ಲಿ ಅಮೆರಿಕದಲ್ಲಿ ನಡೆಸಿದ ಪ್ರಯೋಗವನ್ನು. ಗೊತ್ತಿಲ್ಲದ ಒಬ್ಬ ವ್ಯಕ್ತಿಗೆ ಒಂದು ದಾಖಲೆ ತಲುಪಿಸಬೇಕು. ಆದರೆ ನೇರವಾಗಿ ಕಳಿಸುವಂತಿಲ್ಲ. ಆತನಿಗೆ ಹತ್ತಿರವಾಗಬಹುದು ಅನಿಸಿದ ತಮ್ಮ ಪರಿಚಯದವರ ಕೈಗೆ ಕೊಡಬೇಕು, ಅವರೂ ಹಾಗೇ ಮುಂದೆ ಸಾಗಿಸಬೇಕು. ತಲುಪಿದ ದಾಖಲೆಗಳು ನಡುವೆ ಸರಾಸರಿ 5ರಷ್ಟು ಜನರ ಕೈ ದಾಟಿದ್ದವು. ಜಗತ್ತು ಎಷ್ಟು ಚಿಕ್ಕದು ಎಂದು ಹೇಳುವವರೆಲ್ಲ ಇಂದಿಗೂ ಇದನ್ನೇ ಉದಾಹರಿಸುತ್ತಾರೆ. ಅದೇ ಪ್ರಯೋಗದ ಇನ್ನೊಂದು ಅಂಕಿ ಮಾತ್ರ ಅಷ್ಟು ಪ್ರಚಾರ ಪಡೆಯಲಿಲ್ಲ. 1969ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪಾಲ್ಗೊಂಡವರು 296 ಜನ, ಗುರಿ ಮುಟ್ಟಿದ ದಾಖಲೆಗಳು 64 ಮಾತ್ರ. ಉಳಿದವು ದಾರಿಯಲ್ಲೇ ನಿಂತವು. ಯಾರೋ ಒಬ್ಬರು ಮುಂದೆ ಕಳಿಸಲಿಲ್ಲ. ದಾರಿ ಇರುವುದು ಬೇರೆ, ಆ ದಾರಿಯಲ್ಲಿ ಏನಾದರೂ ಸಾಗುವುದು ಬೇರೆ ಅಲ್ವಾ? ಈ ವ್ಯತ್ಯಾಸ ಮುಂದೆಯೂ ಮತ್ತೆ ಮತ್ತೆ ಎದುರಾಗುತ್ತದೆ.

ದಾರಿಗಳು ಇಷ್ಟು ಚಿಕ್ಕವಾಗಿರುವುದು ಹೇಗೆ ಎಂದು 1998ರಲ್ಲಿ ಡಂಕನ್ ವಾಟ್ಸ್ ಮತ್ತು ಸ್ಟೀವನ್ ಸ್ಟ್ರೊಗಾಟ್ಜ್ ವಿವರಿಸಿದರು. ಪ್ರತಿಯೊಬ್ಬರೂ ಅಕ್ಕಪಕ್ಕದವರ ಜೊತೆ ಮಾತ್ರ ಬೆಸೆದುಕೊಂಡಿರುವ ಜಾಲದಲ್ಲಿ ಈ ತುದಿಯಿಂದ ಆ ತುದಿಗೆ ಬಹಳ ದೂರ. ಅದರಲ್ಲಿ ಬೆರಳೆಣಿಕೆಯ ಕೊಂಡಿಗಳನ್ನು ಕಿತ್ತು ದೂರದ ಯಾವುದೋ ನೋಡ್‌ಗೆ ಜೋಡಿಸಿ ನೋಡಿ. ಅಂತರ ದಿಢೀರನೆ ಕುಸಿಯುತ್ತದೆ. ಆದರೂ ನೆರೆಯವರ ಗುಂಪುಗಳು ಹಾಗೇ ಉಳಿಯುತ್ತವೆ. ಒಂದು ಪುಟ್ಟ ಹುಳುವಿನ ನರಜಾಲ, ಪಶ್ಚಿಮ ಅಮೆರಿಕದ ವಿದ್ಯುತ್ ಗ್ರಿಡ್, ಜೊತೆಯಲ್ಲಿ ನಟಿಸಿದ ಸಿನಿಮಾ ನಟರ ಜಾಲ, ಈ ಮೂರರಲ್ಲೂ ಅವರಿಗೆ ಅದೇ ಲಕ್ಷಣ ಕಂಡಿತು. ಮುಂದೆ ಫೇಸ್‌ಬುಕ್‌ನ 72.1 ಕೋಟಿ ಬಳಕೆದಾರರ ಗೆಳೆತನವನ್ನು ಅಳೆದಾಗ ಇಬ್ಬರ ನಡುವಿನ ಸರಾಸರಿ ಅಂತರ 4.74 ಕೊಂಡಿ ಎಂದು ಗೊತ್ತಾಯಿತು.

ಮರುವರ್ಷ, 1999ರಲ್ಲಿ, ಆಲ್ಬರ್ಟ್-ಲಾಸ್ಲೊ ಬರಾಬಾಸಿ ಮತ್ತು ರೇಕಾ ಆಲ್ಬರ್ಟ್ ಬೇರೊಂದು ಸಂಗತಿಯತ್ತ ಬೊಟ್ಟು ಮಾಡಿದರು. ವೆಬ್‌ನಲ್ಲಿ ಬಹುತೇಕ ಪುಟಗಳಿಗೆ ಒಂದೆರಡು ಕೊಂಡಿ, ಕೆಲವೇ ಪುಟಗಳಿಗೆ ಲೆಕ್ಕವಿಲ್ಲದಷ್ಟು. ಹೊಸದಾಗಿ ಬರುವವರು ಈಗಾಗಲೇ ಹೆಸರು ಮಾಡಿದವರ ಜೊತೆ ಜೋಡಿಕೊಳ್ಳುತ್ತಾರೆ, ಹಾಗಾಗಿ ಇದ್ದವರಿಗೇ ಇನ್ನಷ್ಟು ಸೇರುತ್ತದೆ ಎಂದು ಅವರು ಕಾರಣ ಕೊಟ್ಟರು. ಹೀಗೆ ಬೆಳೆದ ದೊಡ್ಡ ನೋಡ್‌ಗಳೇ ಹಬ್‌ಗಳು. 2000ದಲ್ಲಿ ಅದೇ ತಂಡ ಇದರ ಪರಿಣಾಮವನ್ನೂ ತೋರಿಸಿತು. ಇಂಥ ಜಾಲದಲ್ಲಿ ಸುಮ್ನೆ ಅಲ್ಲೊಂದು ಇಲ್ಲೊಂದು ನೋಡ್ ಕೆಟ್ಟರೆ ಏನೂ ಆಗುವುದಿಲ್ಲ. ಹಬ್‌ಗಳನ್ನೇ ಹುಡುಕಿ ತೆಗೆದರೆ ಜಾಲ ಚೂರುಚೂರಾಗುತ್ತದೆ.

ಸೊಗಸಾದ ಮಾತು. ಅದು ಎಷ್ಟು ಬೇಗ ಹರಡಿತೆಂದರೆ, ಕೆಲವೇ ವರ್ಷಗಳಲ್ಲಿ ನೋಡಿದ ಜಾಲವೆಲ್ಲ ಇದೇ ಬಗೆಯದು ಎಂದು ಹೇಳುವ ರೂಢಿ ಬಂತು. ಇಲ್ಲಿ ಸ್ವಲ್ಪ ನಿಲ್ಲಬೇಕು. 2019ರಲ್ಲಿ ಅನ್ನಾ ಬ್ರೊಯ್ಡೊ ಮತ್ತು ಆರನ್ ಕ್ಲಾಸೆಟ್ ಸುಮಾರು 930 ಜಾಲಗಳ ಮಾಹಿತಿಯನ್ನು ಕಟ್ಟುನಿಟ್ಟಿನ ಸಂಖ್ಯಾಶಾಸ್ತ್ರಕ್ಕೆ ಒಡ್ಡಿದರು. ಜಾಲ ಈ ಬಗೆಯದು ಎಂಬುದಕ್ಕೆ ಬಲವಾದ ಪುರಾವೆ ಸಿಕ್ಕಿದ್ದು ಶೇ 4ರಷ್ಟು ಜಾಲಗಳಲ್ಲಿ ಮಾತ್ರ. ಕೊಂಡಿಗಳ ಹಂಚಿಕೆ ಅಸಮಾನವಾಗಿರುವುದು ನಿಜ, ಆದರೆ ಎಲ್ಲ ಕಡೆ ಒಂದೇ ಸೂತ್ರ ಇಲ್ಲ.

ಇದಕ್ಕಿಂತ ಮೊದಲೇ, 2005ರಲ್ಲಿ, ಜಾನ್ ಡಾಯ್ಲ್ ಮತ್ತು ಸಂಗಡಿಗರು ಇಂಟರ್ನೆಟ್ ಬಗ್ಗೆ ಎತ್ತಿದ ಆಕ್ಷೇಪ ನನಗೆ ಇನ್ನೂ ಮುಖ್ಯ ಅನಿಸುತ್ತದೆ. ಹೆಚ್ಚು ಕೊಂಡಿಗಳಿರುವ ರೌಟರ್‌ಗಳೇ ಇಂಟರ್ನೆಟ್‌ನ ನಡುಮಧ್ಯ ಕೂತಿವೆ, ಅವನ್ನು ಹೊಡೆದರೆ ಎಲ್ಲ ಮುಗಿಯಿತು ಎಂಬ ಮಾತು ಆಗ ಚಾಲ್ತಿಯಲ್ಲಿತ್ತು. ಅವರು ರೌಟರ್ ಎಂಬ ಯಂತ್ರವನ್ನೇ ಬಿಚ್ಚಿ ನೋಡಿದರು. ಒಂದು ರೌಟರ್ ಒಟ್ಟು ಇಷ್ಟೇ ಡೇಟಾ ಸಾಗಿಸಬಲ್ಲದು ಎಂಬ ಮಿತಿ ಇರುತ್ತದೆ. ಆ ಸಾಮರ್ಥ್ಯವನ್ನು ಕೆಲವೇ ವೇಗದ ತಂತಿಗಳಿಗೆ ಕೊಡಬಹುದು, ಇಲ್ಲವೇ ನೂರಾರು ನಿಧಾನದ ತಂತಿಗಳಿಗೆ ಹಂಚಬಹುದು. ಎರಡೂ ಒಟ್ಟಿಗೆ ಆಗದು. ಹಾಗಾಗಿ ಜಾಲದ ನಡುವೆ ಇರುವುದು ಕಡಿಮೆ ಕೊಂಡಿಯ, ಭಾರಿ ವೇಗದ ರೌಟರ್‌ಗಳು. ಜಾಸ್ತಿ ಕೊಂಡಿ ಇರುವವು ಅಂಚಿನಲ್ಲಿ, ಗ್ರಾಹಕರು ಬಂದು ಸೇರುವ ಕಡೆ ಇರುತ್ತವೆ. ಅಂಥದ್ದೊಂದು ಕೆಟ್ಟರೆ ಅದಕ್ಕೆ ಅಂಟಿಕೊಂಡವರಿಗೆ ತೊಂದರೆಯೇ ಹೊರತು ಇಂಟರ್ನೆಟ್ ತುಂಡಾಗುವುದಿಲ್ಲ. ಬರೀ ಕೊಂಡಿ ಎಣಿಸಿದವರಿಗೆ ಚಿತ್ರ ತಲೆಕೆಳಗಾಗಿ ಕಂಡಿತ್ತು.

ವಿದ್ಯುತ್ತಿನ ವಿಷಯದಲ್ಲಿ ಈ ಎಡವಟ್ಟು ಇನ್ನೂ ಸ್ಪಷ್ಟ. 2003ರ ಆಗಸ್ಟ್ 14ರಂದು ಅಮೆರಿಕ ಮತ್ತು ಕೆನಡಾದಲ್ಲಿ ಸುಮಾರು 5 ಕೋಟಿ ಜನ ಕತ್ತಲಲ್ಲಿ ಉಳಿದರು. ಒಹಾಯೊ ರಾಜ್ಯದಲ್ಲಿ ಬಿಸಿಯಿಂದ ಜೋತುಬಿದ್ದ ತಂತಿಗಳು ಮರಗಳಿಗೆ ತಾಗಿದವು. ನಿಯಂತ್ರಣ ಕೊಠಡಿಯ ಎಚ್ಚರಿಕೆ ಸಾಫ್ಟ್‌ವೇರ್ ಕೆಟ್ಟಿತ್ತು, ಅದು ಕೆಟ್ಟಿದೆ ಎಂದೂ ಅಲ್ಲಿದ್ದವರಿಗೆ ತಿಳಿಯಲಿಲ್ಲ. ಒಂದು ಲೈನ್ ಕಡಿದಾಗ ಅದರ ಹೊರೆ ಉಳಿದ ಲೈನ್‌ಗಳ ಮೇಲೆ ಬೀಳುತ್ತದೆ. ಅವುಗಳಲ್ಲಿ ಒಂದು ತಾಳದೆ ಹೋದರೆ ಮತ್ತಷ್ಟು ಹೊರೆ ಬೇರೆ ಕಡೆ. ಸುದ್ದಿ ಹೀಗೆ ಹರಿಯುವುದಿಲ್ಲ, ಸೋಂಕೂ ಹೀಗೆ ಹರಿಯುವುದಿಲ್ಲ. ವಿದ್ಯುತ್ ಯಾವ ದಾರಿ ಹಿಡಿಯಬೇಕೆಂದು ಯಾರೂ ತೀರ್ಮಾನಿಸುವುದಿಲ್ಲ, ಭೌತನಿಯಮವೇ ಅದನ್ನು ಇಡೀ ಜಾಲಕ್ಕೆ ಹಂಚುತ್ತದೆ. ಅದಕ್ಕೇ ಮುಂದಿನ ಕುಸಿತ ಪಕ್ಕದಲ್ಲೇ ಆಗಬೇಕೆಂದಿಲ್ಲ, ನೂರಾರು ಕಿಲೋಮೀಟರ್ ಆಚೆಯೂ ಆಗಬಹುದು.

ಅದೇ ವರ್ಷ ಸೆಪ್ಟೆಂಬರ್ 28ರಂದು ಇಟಲಿಯ ಬಹುತೇಕ ಭಾಗ ಕತ್ತಲಾಯಿತು. ಈ ಘಟನೆ ಒಂದು ಹೊಸ ಪ್ರಶ್ನೆ ಹುಟ್ಟಿಸಿತು. ವಿದ್ಯುತ್ ಕೇಂದ್ರಗಳನ್ನು ನಿಯಂತ್ರಿಸಲು ಸಂಪರ್ಕ ಜಾಲ ಬೇಕು, ಸಂಪರ್ಕ ಜಾಲ ನಡೆಯಲು ವಿದ್ಯುತ್ ಬೇಕು. ಒಂದರಲ್ಲಿ ಬಿದ್ದ ಬಿರುಕು ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಮತ್ತೆ ಮೊದಲನೆಯದಕ್ಕೆ ಮರಳುತ್ತದೆ. 2010ರಲ್ಲಿ ಸೆರ್ಗೆ ಬುಲ್ದಿರೆವ್, ಶ್ಲೋಮೊ ಹಾವ್ಲಿನ್ ಮುಂತಾದವರು ಇಟಲಿಯ ಘಟನೆಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇಂಥ ಜೋಡಿಜಾಲಗಳ ಗಣಿತ ಕಟ್ಟಿದರು. ಸಿಕ್ಕ ಉತ್ತರ ಯೋಚನೆಗೆ ಹಚ್ಚುವಂಥದ್ದು. ಒಂಟಿ ಜಾಲದಲ್ಲಿ ಹಬ್‌ಗಳು ಇದ್ದರೆ ಆಕಸ್ಮಿಕ ಕೆಡುಕನ್ನು ತಾಳುವ ಶಕ್ತಿ ಜಾಸ್ತಿ. ಪರಸ್ಪರ ನೆಚ್ಚಿಕೊಂಡ ಎರಡು ಜಾಲಗಳಲ್ಲಿ ಅದು ಉಲ್ಟಾ. ಹಂಚಿಕೆ ಎಷ್ಟು ಅಸಮಾನವೋ ಕುಸಿತ ಅಷ್ಟು ಬೇಗ. ಒಂದರಲ್ಲಿ ಹಬ್ ಆಗಿರುವ ನೋಡ್ ಇನ್ನೊಂದರ ಯಾವುದೋ ದುರ್ಬಲ ನೋಡನ್ನು ನೆಚ್ಚಿಕೊಂಡಿದ್ದರೆ, ಆ ದುರ್ಬಲದ್ದು ಹೋದಾಗ ಹಬ್ ಕೂಡ ಹೋಗುತ್ತದೆ.

ಸಾಫ್ಟ್‌ವೇರ್‌ನಲ್ಲಿ ಇಂಥ ನೆಚ್ಚಿಕೆ ಕಣ್ಣಿಗೆ ಬೀಳುವುದೇ ಕಷ್ಟ. 2016ರ ಮಾರ್ಚ್‌ನಲ್ಲಿ ಒಬ್ಬ ಪ್ರೋಗ್ರಾಮರ್ ಎನ್‌ಪಿಎಂ ಎಂಬ ಕೋಡ್ ಭಂಡಾರದಿಂದ ತನ್ನ ಪ್ಯಾಕೇಜ್‌ಗಳನ್ನು, ಅಂದರೆ ಬೇರೆಯವರೂ ಬಳಸಬಹುದಾದ ಸಿದ್ಧ ಕೋಡ್ ತುಣುಕುಗಳನ್ನು, ಹಿಂತೆಗೆದುಕೊಂಡರು. ಅವುಗಳಲ್ಲಿ ಒಂದು ಲೆಫ್ಟ್-ಪ್ಯಾಡ್. ಅದರಲ್ಲಿದ್ದದ್ದು 11 ಸಾಲಿನ ಕೋಡ್. ಅದನ್ನು ಬಳಸುತ್ತಿದ್ದ ಪ್ಯಾಕೇಜ್‌ಗಳು, ಆ ಪ್ಯಾಕೇಜ್‌ಗಳನ್ನು ಬಳಸುತ್ತಿದ್ದ ಪ್ಯಾಕೇಜ್‌ಗಳು, ಹೀಗೆ ಸಾವಿರಾರು ಯೋಜನೆಗಳು ಕೈಕೊಟ್ಟವು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಸುಮಾರು 6 ಗಂಟೆ ಮಾಯವಾದಾಗ ದುರಸ್ತಿ ತಡವಾಗಲು ಒಂದು ಕಾರಣವಿತ್ತು. ತೊಂದರೆ ಹುಡುಕಿ ಸರಿಪಡಿಸಲು ಎಂಜಿನಿಯರ್‌ಗಳು ಬಳಸುವ ಒಳಗಿನ ಸಾಧನಗಳೂ ಅದೇ ಜಾಲವನ್ನು ನೆಚ್ಚಿಕೊಂಡಿದ್ದವು. ಬಾವಿಗೆ ಬಿದ್ದವನನ್ನು ಎತ್ತುವ ಹಗ್ಗವೂ ಬಾವಿಯಲ್ಲೇ ಇದ್ದ ಹಾಗೆ.

ಜನರ ವಿಷಯ ಇನ್ನೂ ಸಿಕ್ಕುಸಿಕ್ಕು. ಸೋಂಕಿನ ಮಟ್ಟಿಗೆ ಜಾಲ ವಿಜ್ಞಾನ ನೀಡಿರುವ ಒಂದು ಉಪಾಯ ನನಗೆ ಬಹಳ ಇಷ್ಟ. ಸಮಾಜಶಾಸ್ತ್ರಜ್ಞ ಸ್ಕಾಟ್ ಫೆಲ್ಡ್ 1991ರಲ್ಲಿ ತೋರಿಸಿದ ಹಾಗೆ, ಸರಾಸರಿಯಲ್ಲಿ ನಿಮ್ಮ ಗೆಳೆಯರಿಗೆ ನಿಮಗಿಂತ ಹೆಚ್ಚು ಗೆಳೆಯರಿರುತ್ತಾರೆ. ಬೇಜಾರು ಪಡಬೇಕಿಲ್ಲ, ಇದು ಲೆಕ್ಕದ ಮಾತು. ತುಂಬ ಗೆಳೆಯರಿರುವವರು ತುಂಬ ಜನರ ಪಟ್ಟಿಯಲ್ಲಿ ಬರುತ್ತಾರೆ. ಹಾಗಾದರೆ ಲಸಿಕೆ ಕಡಿಮೆ ಇದ್ದಾಗ ಹೆಚ್ಚು ಸಂಪರ್ಕ ಇರುವವರನ್ನು ಹುಡುಕುವುದು ಹೇಗೆ? ಇಡೀ ಜಾಲದ ನಕ್ಷೆ ಬೇಕಿಲ್ಲ. ಯಾರನ್ನಾದರೂ ಆರಿಸಿ, ಅವರ ಒಬ್ಬ ಪರಿಚಯದವರ ಹೆಸರು ಕೇಳಿ, ಆ ಪರಿಚಯದವರಿಗೆ ಲಸಿಕೆ ಹಾಕಿ. ಇದನ್ನು ಹಾವ್ಲಿನ್ ಮತ್ತು ಸಂಗಡಿಗರು 2003ರಲ್ಲಿ ಸೂಚಿಸಿದರು. 2009ರ ಫ್ಲೂ ಹೊತ್ತಿನಲ್ಲಿ ನಿಕೊಲಸ್ ಕ್ರಿಸ್ಟಾಕಿಸ್ ಮತ್ತು ಜೇಮ್ಸ್ ಫೌಲರ್ ಹಾರ್ವರ್ಡ್‌ನ 744 ವಿದ್ಯಾರ್ಥಿಗಳನ್ನು ಗಮನಿಸಿದರು. ಹೀಗೆ ಗೆಳೆಯರೆಂದು ಹೆಸರಿಸಲ್ಪಟ್ಟವರ ಗುಂಪಿನಲ್ಲಿ ಸೋಂಕು ಉಳಿದವರಿಗಿಂತ ಸುಮಾರು 2 ವಾರ ಮೊದಲೇ ಕಾಣಿಸಿಕೊಂಡಿತು.

ಇದೇ ತರ್ಕವನ್ನು ಎತ್ತಿ ವಿಚಾರಗಳಿಗೆ, ಅಭ್ಯಾಸಗಳಿಗೆ ಅಂಟಿಸುವುದು ಸುಲಭ. ಅಲ್ಲೇ ತಪ್ಪುವುದು. ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಹೇಳಿದಂತೆ, ಕೆಲಸ ಖಾಲಿ ಇದೆ ಎಂಬಂಥ ಸುದ್ದಿ ಬರುವುದು ಜಾಸ್ತಿಯಾಗಿ ದೂರದ ಪರಿಚಯದವರಿಂದ. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದೆ. ಸುದ್ದಿ ತಿಳಿಯಲು ಒಬ್ಬರು ಹೇಳಿದರೆ ಸಾಕು. ಆದರೆ ಸಿಗರೇಟು ಬಿಡುವುದು, ಮುಷ್ಕರಕ್ಕೆ ಇಳಿಯುವುದು, ಹೊಸ ಪದ್ಧತಿಗೆ ಬದಲಾಗುವುದು ಹಾಗಲ್ಲ. ನಾಲ್ಕು ಜನ ಮಾಡಿದ್ದನ್ನು ಕಂಡ ಮೇಲೇ ಮನಸ್ಸು ಒಪ್ಪುತ್ತದೆ. ಡೇಮನ್ ಸೆಂಟೋಲಾ ಇದನ್ನು 1,528 ಜನರ ಆನ್‌ಲೈನ್ ಪ್ರಯೋಗದಲ್ಲಿ ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ದೂರದೂರಕ್ಕೆ ಚೆದುರಿದ ಕೊಂಡಿಗಳಿದ್ದ ಜಾಲದಲ್ಲಿ ಆ ಹೊಸ ನಡವಳಿಕೆ ತಲುಪಿದ್ದು ಸರಾಸರಿ ಶೇ 38ರಷ್ಟು ಜನರನ್ನು. ನೆರೆಯವರು ಒಬ್ಬರಿಗೊಬ್ಬರು ಹೆಣೆದುಕೊಂಡಿದ್ದ ಜಾಲದಲ್ಲಿ ಶೇ 54ರಷ್ಟು. ದೂರದವರನ್ನು ಬೆಸೆಯುವ ಒಳದಾರಿಗಳಿಂದ ಸೋಂಕು ಬೇಗ ಹರಡುತ್ತದೆ, ಅಭ್ಯಾಸ ಮಾತ್ರ ಅಷ್ಟಾಗಿ ಬೇರೂರುವುದಿಲ್ಲ. ಆರೋಗ್ಯ ಪ್ರಚಾರವನ್ನು ಸೋಂಕಿನ ಹಾಗೆ ಹರಡಿಸಲು ಹೊರಟರೆ ಹಣ ದಂಡ.

ಯಾರ ಮೂಲಕ ಹರಡಿಸಬೇಕು ಎಂಬುದಕ್ಕೆ ಅತಿ ಸರಳ ಉತ್ತರ ಬಂದಿದ್ದು ಕರ್ನಾಟಕದ ಹಳ್ಳಿಗಳಿಂದ. ಅಭಿಜಿತ್ ಬ್ಯಾನರ್ಜಿ, ಅರುಣ್ ಚಂದ್ರಶೇಖರ್, ಎಸ್ತರ್ ಡುಫ್ಲೊ, ಮ್ಯಾಥ್ಯೂ ಜಾಕ್ಸನ್ ಇಲ್ಲಿ ಕಿರುಸಾಲದ ಸುದ್ದಿ ಹಬ್ಬಿದ ಬಗೆಯನ್ನು 43 ಹಳ್ಳಿಗಳಲ್ಲಿ ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ್ದರು. ಆಮೇಲೆ 213 ಹಳ್ಳಿಗಳಲ್ಲಿ ಇನ್ನೊಂದು ಪ್ರಯೋಗ. ಒಂದು ಲಾಟರಿಯ ಸುದ್ದಿಯನ್ನು ಕೆಲವು ಹಳ್ಳಿಗಳಲ್ಲಿ ಯಾರಿಗೋ ಹೇಳಿದರು, ಕೆಲವು ಕಡೆ ಹಿರಿಯರಿಗೆ ಹೇಳಿದರು. ಇನ್ನು ಕೆಲವು ಕಡೆ 'ನಾಲ್ಕು ಜನಕ್ಕೆ ಸುದ್ದಿ ಮುಟ್ಟಬೇಕಾದರೆ ಯಾರಿಗೆ ಹೇಳಬೇಕು?' ಎಂದು ಊರವರನ್ನೇ ಕೇಳಿ, ಅವರು ಹೆಸರಿಸಿದವರಿಗೆ ಹೇಳಿದರು. ಊರವರು ಹೆಸರಿಸಿದವರಿಂದಲೇ ಸುದ್ದಿ ಹೆಚ್ಚು ಹಬ್ಬಿತು. ಗಣ್ಯರಾಗಿದ್ದ ಮಾತ್ರಕ್ಕೆ ಸುದ್ದಿ ಚೆನ್ನಾಗಿ ಹರಡಬಲ್ಲವರು ಎಂದೇನಿಲ್ಲ. ಯಾರು ಹರಡಬಲ್ಲರು ಎಂಬ ತಿಳಿವಳಿಕೆ ಯಾವ ಸಮೀಕ್ಷೆಯೂ ಇಲ್ಲದೆ ಜನರ ಬಳಿಯೇ ಇತ್ತು.

ಅಡ್ಡದಾರಿ ಹಿಡಿದ ಅಧ್ಯಯನಗಳೂ ಇವೆ, ಅವನ್ನು ಬಿಟ್ಟು ಮಾತಾಡುವುದು ಸರಿಯಲ್ಲ. 2007ರಲ್ಲಿ ಕ್ರಿಸ್ಟಾಕಿಸ್ ಮತ್ತು ಫೌಲರ್ 32 ವರ್ಷಗಳ ಮಾಹಿತಿ ನೋಡಿ, ಗೆಳೆಯನಿಗೆ ಬೊಜ್ಜು ಬಂದರೆ ನಿಮಗೂ ಬರುವ ಸಾಧ್ಯತೆ ಶೇ 57 ಹೆಚ್ಚುತ್ತದೆ ಎಂದು ಬರೆದರು. ಬೊಜ್ಜು ಅಂಟುರೋಗ ಎಂದು ಪತ್ರಿಕೆಗಳು ಬರೆದವು. ಮರುವರ್ಷ ಈಥನ್ ಕೋಹೆನ್-ಕೋಲ್ ಮತ್ತು ಜೇಸನ್ ಫ್ಲೆಚರ್ ಅಂಥದ್ದೇ ವಿಧಾನವನ್ನು ಹದಿಹರೆಯದವರ ಮಾಹಿತಿಗೆ ಹಚ್ಚಿದರು. ಮೊಡವೆ, ತಲೆನೋವು, ಕೊನೆಗೆ ಎತ್ತರ ಕೂಡ ಗೆಳೆಯರಿಂದ ಅಂಟಿದಂತೆ ಕಂಡಿತು! ಎತ್ತರ ಅಂಟುವುದಿಲ್ಲ. ಒಂದೇ ಬಗೆಯವರು ಗೆಳೆಯರಾಗುತ್ತಾರೆ, ಒಂದೇ ಪರಿಸರದಲ್ಲಿ ಬದುಕುತ್ತಾರೆ. ಕೊಂಡಿಯ ಎರಡೂ ತುದಿಯಲ್ಲಿ ಒಂದೇ ಲಕ್ಷಣ ಕಂಡ ಮಾತ್ರಕ್ಕೆ ಅದು ಕೊಂಡಿಯ ಮೂಲಕ ಹರಿಯಿತು ಎನ್ನಲಾಗದು. ಸಾಮಾಜಿಕ ಮಾಧ್ಯಮದ ಪ್ರಭಾವದ ಬಗ್ಗೆ ಇವತ್ತು ಬರುವ ಎಷ್ಟೋ ವರದಿಗಳನ್ನು ಓದುವಾಗ ಇದನ್ನು ನೆನಪಿಡಬೇಕು.

ಹಾಗಾದರೆ ಹರಿವನ್ನು ನೋಡುವುದು ಯಾರು? ಈಗಿನ ಜಗಳವೇ ಇದು. 2008ರ ಸೆಪ್ಟೆಂಬರ್ 15ರಂದು ಅಮೆರಿಕದ ಹೂಡಿಕೆ ಬ್ಯಾಂಕ್ ಲೇಮನ್ ಬ್ರದರ್ಸ್ ದಿವಾಳಿ ಎದ್ದಾಗ ಅದಕ್ಕೆ ಯಾರ ಹಣ ಎಷ್ಟು ಸಿಕ್ಕಿಕೊಂಡಿದೆ ಎಂಬ ಲೆಕ್ಕ ಯಾರ ಬಳಿಯೂ ಪೂರ್ತಿ ಇರಲಿಲ್ಲ. ಒಂದೇ ಸಂಸ್ಥೆಗೆ ಬೇರೆ ಬೇರೆ ಕಡತಗಳಲ್ಲಿ ಬೇರೆ ಬೇರೆ ಗುರುತು. ಆ ಪಾಠದಿಂದ ಹುಟ್ಟಿದ್ದು ಜಗತ್ತಿನ ಹಣಕಾಸು ವ್ಯವಹಾರಗಳಲ್ಲಿ ಪ್ರತಿ ಸಂಸ್ಥೆಗೂ ಕೊಡುವ 20 ಅಕ್ಷರ-ಅಂಕಿಗಳ ಎಲ್‌ಇಐ ಸಂಕೇತ. ಐರೋಪ್ಯ ಒಕ್ಕೂಟದ 'ಡೋರಾ' ನಿಯಮ 2025ರ ಜನವರಿ 17ರಿಂದ ಜಾರಿಯಲ್ಲಿದೆ. ಬ್ಯಾಂಕು, ವಿಮಾ ಕಂಪನಿಗಳು ತಾವು ಯಾವ ಯಾವ ತಂತ್ರಜ್ಞಾನ ಕಂಪನಿಗಳನ್ನು ನೆಚ್ಚಿಕೊಂಡಿದ್ದೇವೆ ಎಂಬ ದಾಖಲೆ ಇಟ್ಟು ಮೇಲ್ವಿಚಾರಕರಿಗೆ ಕೊಡಬೇಕು. ಇದು ನೀರಸ ಗುಮಾಸ್ತಗಿರಿಯಂತೆ ಕಾಣಬಹುದು. ನನಗೆ ಇದು ಜಾಲ ವಿಜ್ಞಾನದ ಅತಿ ಉಪಯುಕ್ತ ಕೆಲಸ ಅನಿಸುತ್ತದೆ. ಕ್ರೌಡ್‌ಸ್ಟ್ರೈಕ್ ದಿನ ಯಾವ ಆಸ್ಪತ್ರೆ, ಯಾವ ವಿಮಾನ ನಿಲ್ದಾಣ ಒಂದೇ ಅಪ್‌ಡೇಟ್‌ಗೆ ಕಟ್ಟುಬಿದ್ದಿದೆ ಎಂಬ ನಕ್ಷೆ ಸಾರ್ವಜನಿಕರ ಪರವಾಗಿ ಯೋಚಿಸುವ ಯಾರ ಬಳಿಯೂ ಇರಲಿಲ್ಲ.

ಜನರ ನಕ್ಷೆಯ ವಿಷಯದಲ್ಲಿ ಮಾತ್ರ ಅಷ್ಟೇ ಧೈರ್ಯದಿಂದ ಹೇಳಲಾರೆ. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ ಫೋನ್ ಕರೆಗಳ ದಾಖಲೆಯನ್ನು ರಾಶಿರಾಶಿಯಾಗಿ ಸಂಗ್ರಹಿಸುತ್ತಿದೆ ಎಂದು 2013ರಲ್ಲಿ ಬಯಲಾಯಿತು. ಶಂಕಿತ ನಂಬರಿನಿಂದ 3 ಕೊಂಡಿ ದೂರದವರೆಗೆ ಹೋಗಲು ಅದಕ್ಕೆ ಅವಕಾಶವಿತ್ತು. ಒಬ್ಬೊಬ್ಬರೂ 100 ಜನರ ಜೊತೆ ಮಾತಾಡುತ್ತಾರೆ ಎಂದಿಟ್ಟುಕೊಂಡರೂ ಮೂರನೇ ಹೆಜ್ಜೆಗೆ 10 ಲಕ್ಷ ನಂಬರ್‌ಗಳವರೆಗೆ ಬೆಳೆಯಬಹುದು. ಪುಟ್ಟ ಜಗತ್ತಿನ ಗಣಿತ ಇಲ್ಲಿ ಭಯ ಹುಟ್ಟಿಸುತ್ತದೆ. 2014ರಲ್ಲಿ ಅದನ್ನು 2 ಕೊಂಡಿಗೆ ಇಳಿಸಿದರು. 2015ರ ಕಾನೂನು ಆ ಸಾಮೂಹಿಕ ಸಂಗ್ರಹವನ್ನೇ ನಿಲ್ಲಿಸಿತು.

ಕಂಪನಿಗಳ ಬಳಿ ಇರುವ ನಕ್ಷೆ ಇದಕ್ಕಿಂತ ದೊಡ್ಡದು, ಅದನ್ನು ಹೊರಗಿನವರು ನೋಡುವ ಕಿಟಕಿಗಳು ಮುಚ್ಚುತ್ತಿವೆ. 2018ರಲ್ಲಿ ಸೊರೌಶ್ ವೊಸೂಘಿ, ಡೆಬ್ ರಾಯ್, ಸಿನಾನ್ ಅರಾಲ್ ಟ್ವಿಟರ್‌ನಲ್ಲಿ ಹರಡಿದ ಸುಮಾರು 1.26 ಲಕ್ಷ ಸುದ್ದಿಗಳನ್ನು ಹಿಂಬಾಲಿಸಿ, ಸುಳ್ಳು ಸುದ್ದಿ ನಿಜಕ್ಕಿಂತ ವೇಗವಾಗಿ, ದೂರಕ್ಕೆ ಹರಡುತ್ತದೆ ಎಂದು ತೋರಿಸಿದರು. ಅದಕ್ಕೆ ಮುಖ್ಯ ಕಾರಣ ತಾವಾಗಿಯೇ ಪೋಸ್ಟ್ ಹಾಕುವ ಬಾಟ್ ಎಂಬ ಪ್ರೋಗ್ರಾಂಗಳಲ್ಲ, ಮನುಷ್ಯರೇ ಎಂದೂ ತೋರಿಸಿದರು. ಅಂಥ ಅಧ್ಯಯನ ಈಗ ಮಾಡುವುದು ತುಂಬ ಕಷ್ಟ. ಸಂಶೋಧಕರು ನೆಚ್ಚಿಕೊಂಡಿದ್ದ ಟ್ವಿಟರ್‌ನ ಉಚಿತ ಡೇಟಾ ಸೌಲಭ್ಯ 2023ರಲ್ಲಿ ನಿಂತಿತು. ಫೇಸ್‌ಬುಕ್‌ನ ಒಡೆತನ ಹೊಂದಿರುವ ಮೆಟಾ ಕಂಪನಿ, ಅಲ್ಲಿ ಏನು ಹರಡುತ್ತಿದೆ ಎಂದು ನೋಡಲು ಬಳಸುತ್ತಿದ್ದ ಕ್ರೌಡ್‌ಟ್ಯಾಂಗಲ್ ಸಾಧನವನ್ನು 2024ರ ಆಗಸ್ಟ್‌ನಲ್ಲಿ ಮುಚ್ಚಿತು. ಇದಕ್ಕೆ ಎದುರಾಗಿ ಐರೋಪ್ಯ ಒಕ್ಕೂಟದ ಡಿಜಿಟಲ್ ಸೇವೆಗಳ ಕಾಯ್ದೆಯ 40ನೇ ವಿಧಿ, ಪರಿಶೀಲನೆಗೆ ಒಳಪಟ್ಟ ಸಂಶೋಧಕರಿಗೆ ಅತಿ ದೊಡ್ಡ ಪ್ಲಾಟ್‌ಫಾರ್ಮ್‌ಗಳು ಒಳಗಿನ ಮಾಹಿತಿ ಕೊಡಬೇಕು ಎನ್ನುತ್ತದೆ. ಆದರೆ ಅದು ಅನ್ವಯಿಸುವುದು ಆ ಒಕ್ಕೂಟದೊಳಗಿನ ಅಪಾಯಗಳ ಅಧ್ಯಯನಕ್ಕೆ. ಈ ಪ್ಲಾಟ್‌ಫಾರ್ಮ್‌ಗಳ ಬಹುಪಾಲು ಬಳಕೆದಾರರು ಇರುವುದು ಅದರ ಹೊರಗೆ. ಅವರ ನಡುವೆ ಏನು ಹರಿಯುತ್ತಿದೆ ಎಂದು ಕೇಳುವ ಹಕ್ಕು ಅಲ್ಲಿನ ಸಂಶೋಧಕರಿಗೆ ಇನ್ನೂ ಸಿಕ್ಕಿಲ್ಲ.